ಮಾರು ಗೆದ್ದು ಮನೆ ಸೋತ ಎದಾ ಸಬುರೋ

"ಮನೆ ಗೆದ್ದು ಮಾರು ಗೆಲ್ಲು" ಎಂಬ ಮಾತನ್ನು ಹಿರಿಯರ ಬಾಯಿಂದ ನೀವು ಎಷ್ಟೋ ಸಲ ಕೇಳಿರುತ್ತೀರಿ. ಈ ಮಾತಿಗೆ ತಿರುವುಮುರುವಾಗಿ ಬಾಳಿದವರೂ ಉಂಟು. ಹೊರಗಿನವರೆಲ್ಲ ಮೆಚ್ಚಿ ಕಿವಿಗೊಟ್ಟರೂ ಸ್ವಂತ ಮನೆಯವರು ಮಾತ್ರ ಕಿವಿಗೊಡದೆ ಹೋದ ಒಬ್ಬ ಹಿರಿಯ ರಾಜಕಾರಣಿಯ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ಎದಾ ಸಬುರೋ, ದೇಶ ಜಪಾನು. ಅಲ್ಲಿನ ವಾಡಿಕೆಯಂತೆ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ. ಆದ್ದರಿಂದ ನಾವೂ ಅವರನ್ನು ಎದಾ ಎಂದೇ ಕರೆಯೋಣ.

1960ನೆಯ ಇಸವಿಯ ನವೆಂಬರ್ ತಿಂಗಳನ್ನು ಮನಸ್ಸಿಗೆ ತಂದುಕೊಳ್ಳಿ. ಅಮೆರಿಕದಲ್ಲಿ ಕೆನಡಿಯವರೂ ನಿಕ್ಸನ್ನರೂ ಟೆಲಿವಿಷನ್ನಿನಲ್ಲಿ ಎದುರುಬದುರು ನಿಂತು ವಾದಮಾಡಿ ಕೆಲವೇ ವಾರಗಳಾಗಿದ್ದವು. ಜಪಾನಿನಲ್ಲೂ ಚುನಾವಣೆ ಹತ್ತಿರ ಬಂದಿತ್ತು. ಮೂರು ಪಕ್ಷಗಳ ಮುಖಂಡರು ಅಲ್ಲಿನ ಟೆಲಿವಿಷನ್ನಿನ ಮುಂದೆ ಒಟ್ಟಿಗೆ ಬಂದು ಕುಳಿತರು: ಆಳುವ ಪಕ್ಷದ ಪ್ರಧಾನಿ ಇಕೆದಾ ಹಯಾತೋ, ಪ್ರಜಾಸತ್ತಾತ್ಮಕ ಸಮಾಜವಾದಿ ಪಕ್ಷದ ನಿಶಿಯೋ ಸುಯೆಹಿರೋ, ಮತ್ತು ಮುಖ್ಯ ವಿರೋಧಪಕ್ಷವಾದ ಜಪಾನ್ ಸಮಾಜವಾದಿ ಪಕ್ಷದ ಹಂಗಾಮಿ ಅಧ್ಯಕ್ಷ ಎದಾ. ಐವತ್ತಮೂರರ ವಯಸ್ಸಿಗೇ ಎದಾ ಅವರ ತಲೆ ಬೆಳ್ಳಿಯಂತೆ ನರೆತಿತ್ತು. ಮಾತು ಮೆತ್ತಗೆ, ಮುಖದಲ್ಲಿ ನಗೆ. ಸಮಾಜವಾದಿ ಮುಖಂಡನೆಂದರೆ ಬೀದಿಯ ನಡುವೆ ನಿಂತು ಗಂಟಲು ಹರಿಯುವಂತೆ ಕೂಗುವವನೆಂದು ತಿಳಿದಿದ್ದ ಮನೆಗಳ ಜನಕ್ಕೆ ಇದೊಂದು ಹೊಸ ನೋಟ. ಪಕ್ಕದ ಮನೆಯ ಹಿರಿಯರು ಬಂದು ಜಗಲಿಯ ಮೇಲೆ ಕುಳಿತು ಮಾತನಾಡಿದ ಹಾಗೆ ಅವರ ಮಾತು ಇತ್ತು. ಅಂದಿನಿಂದ ಎದಾ ಅವರ ಹೆಸರು ಮನೆಮಾತಾಯಿತು.

ಆದರೆ ಆ ಕುರ್ಚಿಯಲ್ಲಿ ಅವರು ಬಂದು ಕುಳಿತದ್ದು ಒಂದು ಕೊಲೆಯ ಕಾರಣದಿಂದ. ಅಲ್ಲಿಗೆ ಬರುವ ಮೊದಲು ಅವರು ನಡೆದುಬಂದ ದಾರಿಯನ್ನು ಸ್ವಲ್ಪ ನೋಡೋಣ.

ಎದಾ ಹುಟ್ಟಿದ್ದು 1907ರಲ್ಲಿ, ಒಕಾಯಾಮಾ ಪ್ರಾಂತದ ಒಂದು ಹಳ್ಳಿಯಲ್ಲಿ. ಕೋಬೆ ನಗರದಲ್ಲಿ ವಾಣಿಜ್ಯಶಾಸ್ತ್ರ ಓದಿ, ಮುಂದೆ ತೋಕಿಯೋದ ವಾಣಿಜ್ಯ ವಿಶ್ವವಿದ್ಯಾಲಯವನ್ನು ಸೇರಿದರು. ಆ ಓದನ್ನು ಪೂರೈಸಿದ್ದರೆ ಬ್ಯಾಂಕಿನಲ್ಲೋ ದೊಡ್ಡ ವ್ಯಾಪಾರ ಸಂಸ್ಥೆಯಲ್ಲೋ ಒಳ್ಳೆಯ ಹುದ್ದೆ ಕಾದಿತ್ತು. ಅವರು ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿ ರೈತಸಂಘದ ಕೆಲಸಕ್ಕೆ ನಿಂತರು. ಆ ಕಾಲದ ಜಪಾನಿನಲ್ಲಿ ಸಾಗುವಳಿ ಭೂಮಿಯ ಅರ್ಧಕ್ಕೆ ಸಮೀಪ ಭಾಗವನ್ನು ಗೇಣಿದಾರರೇ ಉಳುತ್ತಿದ್ದರು. ಬೆಳೆದ ಬತ್ತದಲ್ಲಿ ಹೆಚ್ಚುಕಡಮೆ ಅರ್ಧ ಜಮೀನುದಾರನ ಕಣಜಕ್ಕೆ ಹೋಗುತ್ತಿತ್ತು. ಗೇಣಿ ಇಳಿಸಿ, ಒಕ್ಕಲೆಬ್ಬಿಸಬೇಡಿ ಎಂದು ಕೇಳುವುದೇ ಅಂದಿನ ರೈತಚಳವಳಿ.

1937ರಲ್ಲಿ, ಮೂವತ್ತರ ಹರೆಯದಲ್ಲಿ, ಎದಾ ಪ್ರಾಂತದ ಶಾಸನಸಭೆಗೆ ಆಯ್ಕೆಯಾದರು. ಅದೇ ವರುಷ ಚೀನಾದ ಮೇಲಿನ ಯುದ್ಧ ಆರಂಭವಾಯಿತು. ದೇಶದಲ್ಲಿ ಎಡಪಂಥದವರೆಂದು ಗುರುತಾದವರನ್ನೆಲ್ಲ ಹಿಡಿದು ಸೆರೆಗೆ ನೂಕುವ ಕಾರ್ಯ ಮೊದಲಾಯಿತು. 1937ರ ಡಿಸೆಂಬರಿನಲ್ಲಿ ಮೊದಲ ಕಂತು, 1938ರ ಫೆಬ್ರವರಿಯಲ್ಲಿ ಎರಡನೆಯ ಕಂತು. ಈ ಎರಡನೆಯದರಲ್ಲಿ ಎದಾ ಸಿಕ್ಕಿಬಿದ್ದರು. ಮೊದಲನೆಯ ಕಂತಿನಲ್ಲಿ ಸೆರೆಯಾದವರಲ್ಲಿ ಸಾಕಿಸಾಕಾ ಇತ್ಸುರೋ ಎಂಬ ಮಾರ್ಕ್ಸ್‌ವಾದಿ ವಿದ್ವಾಂಸರೂ ಇದ್ದರು. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ. ಒಂದೇ ದಬ್ಬಾಳಿಕೆಗೆ ಗುರಿಯಾದ ಈ ಇಬ್ಬರ ದಾರಿ ಮುಂದೆ ಹೇಗೆ ಬೇರೆಯಾಯಿತೆಂಬುದೇ ನಮ್ಮ ಕಥೆಯ ತಿರುಳು. ಸೆರೆಯಿಂದ ಹೊರಬಂದ ಎದಾ ಯುದ್ಧಕಾಲದಲ್ಲಿ ಕೆಲವು ವರುಷ ಚೀನಾದಲ್ಲಿ ಕೆಲಸಮಾಡಿಕೊಂಡಿದ್ದು, 1946ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು.

ಅವರು ಹಿಂದಿರುಗಿದ ಜಪಾನು ಹಿಂದಿನ ಜಪಾನಲ್ಲ. ನಗರಗಳು ಸುಟ್ಟು ಬೂದಿಯಾಗಿದ್ದವು. ಅಮೆರಿಕದ ಸೈನ್ಯ ಬಂದು ಕುಳಿತಿತ್ತು. ಹೊಸ ರಾಜ್ಯಾಂಗ ಸಿದ್ಧವಾಗುತ್ತಿತ್ತು. 1947ರ ಮೇ ತಿಂಗಳಲ್ಲಿ ಜಾರಿಗೆ ಬಂದ ಆ ರಾಜ್ಯಾಂಗದ ಒಂಬತ್ತನೆಯ ವಿಧಿಯಲ್ಲಿ ಜಪಾನು ಯುದ್ಧವನ್ನು ಎಂದೆಂದಿಗೂ ತ್ಯಜಿಸಿತು. ಅದೇ ಕಾಲದಲ್ಲಿ ನಡೆದ ಭೂಸುಧಾರಣೆಯಿಂದ ಗೇಣಿಯ ಭೂಮಿ ಹತ್ತರಲ್ಲೊಂದು ಪಾಲಿಗೆ ಇಳಿಯಿತು; ಉಳುವವನೇ ಹೊಲದ ಒಡೆಯನಾದ. ಎದಾ ಅವರಂಥವರು ಯಾವುದಕ್ಕಾಗಿ ಸೆರೆಮನೆ ಕಂಡಿದ್ದರೋ ಅದು ಕೆಲವೇ ವರುಷಗಳಲ್ಲಿ ಶಾಸನದ ಮೂಲಕ ಕೈಗೂಡಿತು. ಆದರೆ ಇಲ್ಲಿಯೇ ಒಂದು ವಿಚಿತ್ರ. ಸ್ವಂತ ಹೊಲ ದೊರೆತ ರೈತ ಮುಂದೆ ಮತ ಹಾಕಿದ್ದು ಬಹುಮಟ್ಟಿಗೆ ಸಂಪ್ರದಾಯವಾದಿ ಪಕ್ಷಗಳಿಗೆ. ಹೊಟ್ಟೆ ತುಂಬಿದವನನ್ನು ಹಸಿವಿನ ಹೆಸರಿನಲ್ಲಿ ಕರೆದರೆ ಅವನು ಬರುವನೇ? ಹಳ್ಳಿಯಿಂದ ಬಂದ ಎದಾ ಅವರಿಗೆ ಈ ಪಾಠ ಪುಸ್ತಕದ ಪಾಠವಾಗಿರಲಿಲ್ಲ.

ಸಮಾಜವಾದಿ ಪಕ್ಷ ಕಲಿತ ಪಾಠ ಬೇರೆ. 1947ರ ಚುನಾವಣೆಯಲ್ಲಿ ಅದು 143 ಸ್ಥಾನ ಗೆದ್ದು ಎಲ್ಲರಿಗಿಂತ ದೊಡ್ಡ ಪಕ್ಷವಾಗಿ, ಕತಾಯಾಮಾ ತೆತ್ಸು ಅವರ ನೇತೃತ್ವದಲ್ಲಿ ಸಮ್ಮಿಶ್ರ ಸರಕಾರ ರಚಿಸಿತು. ಒಂದು ವರುಷ ತುಂಬುವ ಮೊದಲೇ, ಪಕ್ಷದ ಎಡಬಣವೇ ಆಯವ್ಯಯವನ್ನು ವಿರೋಧಿಸಿ ನಿಂತು, ಆ ಸರಕಾರ ಬಿದ್ದಿತು. 1949ರಲ್ಲಿ ಪಕ್ಷಕ್ಕೆ ಉಳಿದದ್ದು 48 ಸ್ಥಾನ. 1951ರಲ್ಲಿ ಶಾಂತಿ ಒಪ್ಪಂದದ ಪ್ರಶ್ನೆಯ ಮೇಲೆ ಪಕ್ಷ ಎಡ ಬಲ ಎಂದು ಎರಡಾಗಿ ಒಡೆಯಿತು. 1950ರಲ್ಲಿ ಮೇಲ್ಮನೆಗೆ ಆಯ್ಕೆಯಾಗಿದ್ದ ಎದಾ ಎಡಪಕ್ಷದೊಡನೆ ನಡೆದರು. ಒಡೆದಾಗ ಎಡಪಕ್ಷಕ್ಕೆ ಕೆಳಮನೆಯಲ್ಲಿ ಇದ್ದದ್ದು 16 ಸ್ಥಾನ. 1955ರ ವೇಳೆಗೆ ಅದು 89ಕ್ಕೆ ಏರಿತು. ರಾಜಿಮಾಡಿಕೊಂಡಾಗ ಸೋಲು, ಗಟ್ಟಿಯಾಗಿ ನಿಂತಾಗ ಗೆಲುವು ಎಂಬ ನಂಬಿಕೆ ಎಡಪಂಥದ ಮನಸ್ಸಿನಲ್ಲಿ ಬೇರೂರಿತು. 1955ರ ಅಕ್ಟೋಬರಿನಲ್ಲಿ ಎರಡು ಪಕ್ಷಗಳೂ ಮತ್ತೆ ಕೂಡಿಕೊಂಡವು. ಮುಂದಿನ ತಿಂಗಳೇ ಸಂಪ್ರದಾಯವಾದಿಗಳೂ ಒಂದಾಗಿ ಲಿಬರಲ್ ಡೆಮೊಕ್ರಾಟಿಕ್ ಪಕ್ಷವನ್ನು ಕಟ್ಟಿದರು.

1958ರ ಚುನಾವಣೆಯಲ್ಲಿ ಸಮಾಜವಾದಿಗಳಿಗೆ 467ರಲ್ಲಿ 166 ಸ್ಥಾನ ಬಂದಿತು. ಅಂದರೆ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಈ ಲೆಕ್ಕವನ್ನು ನೀವು ಗಮನಿಸಬೇಕು. ಜಪಾನಿನ ರಾಜ್ಯಾಂಗವನ್ನು ತಿದ್ದಲು ಸಂಸತ್ತಿನ ಎರಡೂ ಮನೆಗಳಲ್ಲಿ ಮೂರನೆಯ ಎರಡು ಪಾಲು ಬೇಕು. ಮೂರನೆಯ ಒಂದು ಪಾಲು ತಮ್ಮ ಕಡೆ ಇದ್ದರೆ ಯುದ್ಧತ್ಯಾಗದ ವಿಧಿಯನ್ನು ಯಾರೂ ಮುಟ್ಟುವಂತಿಲ್ಲ. ಇದು ಬಹು ದೊಡ್ಡ ಕಾವಲು; ಯುದ್ಧದ ಬೆಂಕಿಯನ್ನು ಉಂಡ ಜನ ಇದಕ್ಕಾಗಿಯೇ ಆ ಪಕ್ಷಕ್ಕೆ ಮತ ಕೊಟ್ಟರು. ಆದರೆ ಬಾಗಿಲು ಕಾಯುವುದೇ ಅಭ್ಯಾಸವಾದವನಿಗೆ ಮನೆಯ ಯಜಮಾನನಾಗುವ ಹಂಬಲ ನಿಧಾನವಾಗಿ ಮರೆತುಹೋಗುತ್ತದೆ. ತಡೆಯಲು ಮೂರನೆಯ ಒಂದು ಪಾಲು ಸಾಕು, ಆಳಲು ಅರ್ಧಕ್ಕಿಂತ ಹೆಚ್ಚು ಬೇಕು. ಆ ಉಳಿದ ಜನರನ್ನು ಹೇಗೆ ಕರೆತರುವುದು? ಎದಾ ಅವರ ರಾಜಕೀಯ ಜೀವನವೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆಯಿತೆಂದರೆ ತಪ್ಪಾಗದು.

1960 ಬಂದಿತು. ಜಪಾನಿನ ಇತ್ತೀಚಿನ ಚರಿತ್ರೆಯಲ್ಲಿ ಅದೊಂದು ಬಿರುಗಾಳಿಯ ವರುಷ. ಜನವರಿಯಲ್ಲಿ ಪಕ್ಷದ ಬಲಬಣದ ನಿಶಿಯೋ ಹೊರಹೋಗಿ ಬೇರೆ ಪಕ್ಷ ಕಟ್ಟಿದರು. ಮಾರ್ಚಿಯಲ್ಲಿ ಅಸನುಮಾ ಇನೆಜಿರೋ ಅಧ್ಯಕ್ಷರಾದರು, ಎದಾ ಪ್ರಧಾನ ಕಾರ್ಯದರ್ಶಿಯಾದರು. ಕ್ಯೂಶೂ ದ್ವೀಪದ ಮೀಕೆ ಕಲ್ಲಿದ್ದಲ ಗಣಿಯಲ್ಲಿ ಸಾವಿರಾರು ಕಾರ್ಮಿಕರ ಮುಷ್ಕರ ತಿಂಗಳುಗಟ್ಟಲೆ ನಡೆಯಿತು. ಅಮೆರಿಕದೊಡನೆ ಮಾಡಿಕೊಂಡ ಭದ್ರತಾ ಒಪ್ಪಂದದ ಹೊಸ ರೂಪವನ್ನು ಪ್ರಧಾನಿ ಕಿಶಿ ನೊಬುಸುಕೆ ಮೇ 19ರ ರಾತ್ರಿ, ಪೋಲೀಸರನ್ನು ಸಭಾಭವನದೊಳಕ್ಕೆ ಕರೆಸಿ, ಬಲವಂತದಿಂದ ಮಂಜೂರು ಮಾಡಿಸಿದರು. ತೋಕಿಯೋದ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಜೂನ್ 15ರಂದು ಸಂಸತ್ತಿನ ಆವರಣದ ನೂಕುನುಗ್ಗಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಪ್ರಾಣಬಿಟ್ಟಳು. ಒಪ್ಪಂದ ಉಳಿಯಿತು, ಕಿಶಿ ಪದವಿ ಬಿಟ್ಟರು. ಅವರ ಸ್ಥಾನಕ್ಕೆ ಬಂದ ಇಕೆದಾ ಜಗಳದ ಮಾತನ್ನೇ ಬಿಟ್ಟು, ಹತ್ತು ವರುಷದಲ್ಲಿ ರಾಷ್ಟ್ರದ ವರಮಾನವನ್ನು ಇಮ್ಮಡಿ ಮಾಡುತ್ತೇನೆಂದು ಸಾರಿದರು.

ಅಕ್ಟೋಬರ್ 12ರಂದು ತೋಕಿಯೋದ ಹಿಬಿಯಾ ಸಭಾಭವನದಲ್ಲಿ ಮೂರು ಪಕ್ಷಗಳ ಮುಖಂಡರ ಭಾಷಣ ಏರ್ಪಟ್ಟಿತ್ತು. ಅಸನುಮಾ ಮಾತನಾಡುತ್ತ ನಿಂತಿದ್ದರು. ಭಾರಿ ಮೈಕಟ್ಟು, ಒಡೆದ ಗಡಸು ಧ್ವನಿ. ದಣಿವರಿಯದ ಅವರ ಓಡಾಟ ಕಂಡು ಜನ ಅವರನ್ನು "ಮನುಷ್ಯರೂಪದ ರೈಲು ಇಂಜಿನ್" ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಹದಿನೇಳು ವಯಸ್ಸಿನ ಒಬ್ಬ ಬಲಪಂಥೀಯ ಹುಡುಗ ವೇದಿಕೆಯ ಮೇಲೆ ಓಡಿಬಂದು ಅವರನ್ನು ಕಿರುಗತ್ತಿಯಿಂದ ಇರಿದ. ಸಭೆಯನ್ನು ಚಿತ್ರಿಸಿಕೊಳ್ಳುತ್ತಿದ್ದ ಕ್ಯಾಮೆರಾ ಅದನ್ನೂ ಚಿತ್ರಿಸಿತು. ದೇಶವೆಲ್ಲ ಆ ದೃಶ್ಯವನ್ನು ಮನೆಯಲ್ಲಿ ಕುಳಿತು ಕಂಡಿತು. ಮರುದಿನವೇ ಪಕ್ಷದ ಮಹಾಧಿವೇಶನ ಕೂಡಬೇಕಾಗಿತ್ತು. ಅಧ್ಯಕ್ಷರ ಸಾವಿನ ದುಃಖದ ನಡುವೆ ಅಲ್ಲಿ ಎದಾ ಅವರನ್ನು ಹಂಗಾಮಿ ಅಧ್ಯಕ್ಷರನ್ನಾಗಿ ಆರಿಸಿದರು.

ಹೀಗೆ ಎದಾ ಟೆಲಿವಿಷನ್ನಿನ ಮುಂದೆ ಬಂದು ಕುಳಿತರು. ರೇಡಿಯೋ ಕೇಳುವ ನಿಮಗೆ ಒಂದು ಸಂಗತಿ ಬೇಗ ಅರ್ಥವಾದೀತು. ಬಯಲಿನ ಸಭೆಗೆ ಬೇಕಾದ ಕಂಠವೇ ಬೇರೆ, ಮನೆಯ ಪಡಸಾಲೆಗೆ ಒಗ್ಗುವ ಕಂಠವೇ ಬೇರೆ. ಸಭೆಯಲ್ಲಿ ಹತ್ತುಸಾವಿರ ಜನರನ್ನು ಒಟ್ಟಿಗೆ ಕೂಗಿ ಎಬ್ಬಿಸಬೇಕು. ಪಡಸಾಲೆಯಲ್ಲಿ ನಾಲ್ವರ ಕೂಡ ಮಾತನಾಡಬೇಕು. ಅಸನುಮಾ ಅವರದು ಮೊದಲನೆಯ ಕಂಠ, ಎದಾ ಅವರದು ಎರಡನೆಯದು. ಜಪಾನಿನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು 1953ರಲ್ಲಿ. 1962ರ ವೇಳೆಗೆ ಒಂದು ಕೋಟಿ ಮನೆಗಳಲ್ಲಿ ಅದು ಬಂದು ಕುಳಿತಿತ್ತು. ಬಟ್ಟೆ ಒಗೆಯುವ ಯಂತ್ರ, ತಂಗಳಪೆಟ್ಟಿಗೆ, ಟೆಲಿವಿಷನ್ ಈ ಮೂರನ್ನೂ ಅಲ್ಲಿನ ಗೃಹಿಣಿಯರು ಅರಸುಮನೆತನದ ಮೂರು ಪವಿತ್ರ ನಿಧಿಗಳಿಗೆ ಹೋಲಿಸಿ ನಗೆಯಾಡುತ್ತಿದ್ದರು. ಬದಲಾಗುತ್ತಿದ್ದ ಆ ಮನೆಯೊಳಕ್ಕೆ ಕಾಲಿಡಲು ಸಮಾಜವಾದಿಗಳಲ್ಲಿ ಒಬ್ಬರಿಗಾದರೂ ಬಂದಿತ್ತು.

ನವೆಂಬರ್ 20ರ ಚುನಾವಣೆಯ ಫಲಿತಾಂಶ ನೋಡಿ. ಲಿಬರಲ್ ಡೆಮೊಕ್ರಾಟರಿಗೆ 296, ಸಮಾಜವಾದಿಗಳಿಗೆ 145, ನಿಶಿಯೋ ಅವರ ಪಕ್ಷಕ್ಕೆ 17. ಬಿರುಕಿನ ನಂತರ ಉಳಿದಿದ್ದ 122 ಸ್ಥಾನಗಳನ್ನು ಸಮಾಜವಾದಿಗಳು 145ಕ್ಕೆ ಏರಿಸಿಕೊಂಡಿದ್ದರು. ಸಂಕಟದ ಕಾಲದಲ್ಲಿ ಅದು ಸಣ್ಣ ಸಾಧನೆಯಲ್ಲ. ಆದರೆ ಅರ್ಧ ವರುಷದ ಹಿಂದೆ ಲಕ್ಷಾಂತರ ಜನ ಬೀದಿಗಿಳಿದಿದ್ದರೂ ಆಳುವ ಪಕ್ಷ ಅಲುಗಲಿಲ್ಲ. ಮೀಕೆಯ ಗಣಿಕಾರ್ಮಿಕರೂ ಸೋತರು. ಬೀದಿ ತುಂಬಿದರೆ ಮತಪೆಟ್ಟಿಗೆ ತುಂಬದು ಎಂಬುದು ಎದಾ ಅವರಿಗೆ ಸ್ಪಷ್ಟವಾಯಿತು.

ಇದಕ್ಕೆ ಅವರು ಕಂಡ ಉಪಾಯಕ್ಕೆ "ರಚನಾ ಸುಧಾರಣೆ" ಎಂದು ಹೆಸರು. ಮಾತು ಇಟಲಿಯಿಂದ ಬಂದದ್ದು. ಅಲ್ಲಿನ ಕಮ್ಯೂನಿಸ್ಟ್ ಮುಖಂಡ ತೊಗ್ಲಿಯಾತ್ತಿ ಅದನ್ನು ಪ್ರಚಾರಕ್ಕೆ ತಂದಿದ್ದರು. ಪಕ್ಷದ ಕಚೇರಿಯ ಕೆಲವು ತರುಣರು ಅದನ್ನು ಓದಿ ಎದಾ ಅವರ ಮುಂದಿಟ್ಟರು. ಅದರ ಸಾರ ಸುಲಭ. ಒಂದು ದಿನ ಕ್ರಾಂತಿ ಆದೀತು, ಆಮೇಲೆ ಎಲ್ಲವೂ ಸರಿಹೋದೀತು ಎಂದು ಕೈಕಟ್ಟಿ ಕೂರುವುದು ಬೇಡ. ಕೂಲಿ, ಮನೆ, ಪಿಂಚಣಿ, ತೆರಿಗೆ, ದೊಡ್ಡ ಬಂಡವಾಳದ ಹಿಡಿತ, ವಿದೇಶಾಂಗ ನೀತಿ ಎಂದು ಒಂದೊಂದು ಕಡೆಯಿಂದಲೂ, ಸಂಸತ್ತಿನ ಒಳಗೂ ಹೊರಗೂ ಒತ್ತಾಯ ತಂದು, ವ್ಯವಸ್ಥೆಯ ಕಟ್ಟನ್ನು ಇಂದಿನಿಂದಲೇ ಬದಲಾಯಿಸುತ್ತ ಹೋಗೋಣ. ಹಳೆಯ ಮನೆಯನ್ನು ಒಂದೇ ಸಲ ಕೆಡವಿ ಮಕ್ಕಳನ್ನು ಮಳೆಯಲ್ಲಿ ನಿಲ್ಲಿಸುವ ಬದಲು, ಮನೆಯವರು ಒಳಗಿರುವಂತೆಯೇ ಒಂದೊಂದು ಕಂಬವನ್ನು ಬದಲಿಸಿದ ಹಾಗೆ. 1960ರ ಅಕ್ಟೋಬರಿನ ಅಧಿವೇಶನದಲ್ಲಿಯೇ ಈ ಮಾತು ಪಕ್ಷದ ಧೋರಣೆಯಲ್ಲಿ ಸೇರಿತು. 1961ರಲ್ಲಿ ಕವಾಕಾಮಿ ಜೋತಾರೋ ಅಧ್ಯಕ್ಷರಾದ ಮೇಲೆಯೂ ಎದಾ ಪ್ರಧಾನ ಕಾರ್ಯದರ್ಶಿಯಾಗಿ ಮುಂದುವರಿದರು.

ಇನ್ನು 1962ರ ಜುಲೈ ಕೊನೆಯ ವಾರಕ್ಕೆ ಬರೋಣ. ತೋಕಿಯೋದ ಉತ್ತರಕ್ಕೆ, ಮಂದಿರಗಳಿಗೆ ಹೆಸರಾದ ನಿಕ್ಕೋ ಎಂಬ ಬೆಟ್ಟದೂರಿನಲ್ಲಿ ಪಕ್ಷದ ಸಂಘಟಕರ ಸಭೆ ಸೇರಿತ್ತು. ಸಮಾಜವಾದವೆಂದರೆ ಏನೆಂದು ಸಾಮಾನ್ಯ ಮನುಷ್ಯನಿಗೆ ತಿಳಿಯುವ ಹಾಗೆ ಹೇಳಬೇಕು ಎಂದು ಎದಾ ಅಲ್ಲಿ ಮಾತೆತ್ತಿದರು. ಮನುಷ್ಯಕುಲ ಇದುವರೆಗೆ ಗಳಿಸಿದ ನಾಲ್ಕು ಹಿರಿಮೆಗಳನ್ನು ಅವರು ಎಣಿಸಿದರು: ಅಮೆರಿಕದ ಉನ್ನತವಾದ ಜೀವನಮಟ್ಟ, ಸೋವಿಯತ್ ದೇಶದ ಸಾಮಾಜಿಕ ಭದ್ರತೆ, ಇಂಗ್ಲೆಂಡಿನ ಸಂಸದೀಯ ಪ್ರಜಾಪ್ರಭುತ್ವ, ಜಪಾನಿನ ಶಾಂತಿಯ ರಾಜ್ಯಾಂಗ. ಈ ನಾಲ್ಕನ್ನೂ ಹೊಂದಿಸಿಕೊಂಡು ಹೊರಟರೆ ಜನಸಾಮಾನ್ಯರೊಡನೆ ಬೆರೆಯುವ ಸಮಾಜವಾದ ಹುಟ್ಟುತ್ತದೆ ಎಂಬುದು ಅವರ ಅಭಿಪ್ರಾಯ. ಪತ್ರಿಕೆಗಳು ಇದನ್ನು "ಎದಾ ದರ್ಶನ" ಎಂದು ಕರೆದವು.

ಈ ನಾಲ್ಕು ಮಾತುಗಳನ್ನು ಒಂದು ಸಾಮಾನ್ಯ ಮನೆಯವರ ಕಿವಿಯಿಂದ ಕೇಳಿ ನೋಡಿ. ಹೊಸದಾಗಿ ತಂಗಳಪೆಟ್ಟಿಗೆ ಕೊಂಡ ಗೃಹಿಣಿಗೆ ಎದಾ, "ಅಮ್ಮಾ, ನಿನ್ನ ಆಸೆ ತಪ್ಪಲ್ಲ" ಎಂದು ಹೇಳಿದಂತಿತ್ತು. ಮುಪ್ಪಿನಲ್ಲಿ ನನ್ನ ಗತಿಯೇನು ಎಂದು ಚಿಂತಿಸುವ ಕಾರ್ಖಾನೆಯ ಕೆಲಸಗಾರನಿಗೆ ಎರಡನೆಯ ಮಾತಿನಲ್ಲಿ ಉತ್ತರವಿತ್ತು. ಈ ಪಕ್ಷ ಬಂದರೆ ಮುಂದೆ ಚುನಾವಣೆಯೇ ಇರಲಾರದೇನೋ ಎಂಬ ಅಂಜಿಕೆಗೆ ಮೂರನೆಯದು ಸಮಾಧಾನ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ನಾಲ್ಕನೆಯದು. ಇಕೆದಾ ವರಮಾನ ಇಮ್ಮಡಿಯಾಗುತ್ತದೆಂದು ಲೆಕ್ಕ ಹೇಳಿದರು. ಆ ಹಣದಿಂದ ಎಂಥ ಬಾಳು ಕಟ್ಟಬೇಕೆಂದು ಎದಾ ಹೇಳಹೊರಟರು. ಆಳುವ ಪಕ್ಷದ ದೂರದೃಷ್ಟಿಯುಳ್ಳವರಿಗೆ ಇಂಥ ಎದುರಾಳಿಯಿಂದ ಚಿಂತೆಯಾದದ್ದು ಸಹಜ.

ಆದರೆ ಕೋಲಾಹಲ ಎದ್ದದ್ದು ಎದಾ ಅವರ ಸ್ವಂತ ಪಕ್ಷದೊಳಗೆ. ಎದುರಾದವರೆಲ್ಲ ಕೆಟ್ಟವರೆಂದು ಹೇಳಿದರೆ ಚರಿತ್ರೆಗೆ ಅನ್ಯಾಯವಾದೀತು, ಅವರಿಗೂ ಕಾರಣಗಳಿದ್ದವು. ಅಮೆರಿಕದ ಸಾಮ್ರಾಜ್ಯಶಾಹಿಯೇ ಜಪಾನು ಚೀನಾ ಎರಡೂ ದೇಶಗಳ ಜನತೆಯ ಸಮಾನ ಶತ್ರುವೆಂದು ಅಸನುಮಾ 1959ರಲ್ಲಿ ಪೀಕಿಂಗಿನಲ್ಲಿ ಸಾರಿದ್ದರು. ಅವರು ಸತ್ತು ಎರಡು ವರುಷ ತುಂಬುವ ಮೊದಲೇ, ಅವರ ಪಕ್ಷದ ಕಾರ್ಯದರ್ಶಿ ಅಮೆರಿಕದ ಬಾಳನ್ನು ಮೆಚ್ಚಿ ಮಾತನಾಡುವುದೆಂದರೆ ಅನೇಕರಿಗೆ ನೋವಾಯಿತು. ಕತಾಯಾಮಾ ಸರಕಾರದ ಗತಿ ಕಂಡವರಿಗೆ ಸುಧಾರಣೆಯ ಹೆಸರಿನಲ್ಲಿ ಪಕ್ಷ ಕರಗಿಹೋದೀತೆಂಬ ಭಯ. ಪಕ್ಷಕ್ಕೆ ಹಣವನ್ನೂ ಆಳನ್ನೂ ಒದಗಿಸುತ್ತಿದ್ದ ಕಾರ್ಮಿಕ ಸಂಘಗಳ ಮಹಾಮಂಡಲಕ್ಕೂ ಈ ಮಾತು ರುಚಿಸಲಿಲ್ಲ. ಹೋರಾಟದ ಹುರಿ ಸಡಿಲವಾದೀತೆಂದು ಅದರ ಮುಖಂಡರು ಬಗೆದರು. ಸಾಕಿಸಾಕಾ ಅವರ ಸಮಾಜವಾದಿ ಸಂಘದ ಶಿಷ್ಯರಂತೂ ಇದನ್ನು ಮಾರ್ಕ್ಸನಿಗೆ ಬಗೆದ ದ್ರೋಹವೆಂದೇ ಎಣಿಸಿದರು. ಇದೆಲ್ಲದರ ಜೊತೆಗೆ ಬಣಗಳ ಪೈಪೋಟಿ ಬೇರೆ. ಎದಾ ಅವರ ಬಣದವರೇ ಆದ ಸಸಾಕಿ ಕೋಜೋ ಅವರ ಎದುರು ನಿಂತರು. ಎದಾ ಅವರಲ್ಲೂ ಒಂದು ಕೊರತೆ ಇತ್ತೆಂದು ಒಪ್ಪಬೇಕು. ಪಕ್ಷದವರನ್ನು ಮೊದಲು ಒಬ್ಬೊಬ್ಬರಾಗಿ ಒಲಿಸಿಕೊಂಡು ಆಮೇಲೆ ಹೊರಗೆ ಸಾರುವ ತಾಳ್ಮೆಯನ್ನು ಅವರು ತೋರಲಿಲ್ಲ. ಮನೆಯವರು ಆ ಮಾತನ್ನು ಪತ್ರಿಕೆಯಲ್ಲಿ ಓದಿ ತಿಳಿಯುವಂತಾಯಿತು.

1962ರ ನವೆಂಬರಿನ ಮಹಾಧಿವೇಶನದಲ್ಲಿ ಎದಾ ದರ್ಶನವನ್ನು ಟೀಕಿಸುವ ಠರಾವು ಬಂದಿತು. ಮತ ಎಣಿಸಿದಾಗ ಪರವಾಗಿ 232, ವಿರೋಧವಾಗಿ 211. ಕೇವಲ ಇಪ್ಪತ್ತೊಂದು ಮತಗಳ ಅಂತರ! ಎದಾ ಕೂಡಲೇ ಪ್ರಧಾನ ಕಾರ್ಯದರ್ಶಿಯ ಪದವಿಗೆ ರಾಜೀನಾಮೆ ಕೊಟ್ಟರು. ಹನ್ನೊಂದು ಜನ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಜಪಾನಿನ ರಾಜಕೀಯ ಬೇರೆ ಹಾದಿ ಹಿಡಿಯುತ್ತಿತ್ತೇ? ಚರಿತ್ರೆ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಮುಂದೆ ಏನಾಯಿತೆಂಬುದನ್ನು ಮಾತ್ರ ಹೇಳುತ್ತದೆ.

ಮುಂದಿನ ಕೆಲವು ವರುಷಗಳನ್ನು ಬೇಗನೆ ದಾಟಬಹುದು. 1963ರಲ್ಲಿ ಎದಾ ಒಕಾಯಾಮಾದಿಂದ ಕೆಳಮನೆಗೆ ಬಂದರು. 1965ರಲ್ಲಿ ಸಸಾಕಿ ಅಧ್ಯಕ್ಷರಾದರು. 1966ರಲ್ಲಿ ಎರಡು ಸಲ ಅವರೆದುರು ನಿಂತು ಎದಾ ಸೋತರು. 1968ರಲ್ಲಿ ನರಿತಾ ತೊಮೊಮಿ ಅಧ್ಯಕ್ಷರಾದಾಗ ಎದಾ ಮತ್ತೆ ಪ್ರಧಾನ ಕಾರ್ಯದರ್ಶಿಯಾದರು. ಅಷ್ಟರಲ್ಲಿ ಕಾಲ ಮೀರುತ್ತ ಬಂದಿತ್ತು. ಸಮಾಜವಾದಿ ಪಕ್ಷಕ್ಕೆ 1963ರಲ್ಲಿ 144, 1967ರಲ್ಲಿ 140 ಸ್ಥಾನ. 1969ರ ಡಿಸೆಂಬರಿನಲ್ಲಿ ಒಮ್ಮೆಲೇ 90. ಇಕೆದಾ ಹೇಳಿದ್ದ ಇಮ್ಮಡಿ ವರಮಾನ ಹತ್ತು ವರುಷಕ್ಕೂ ಮೊದಲೇ ಕೈಗೂಡಿತ್ತು. ಊರು ಬಿಟ್ಟು ನಗರಕ್ಕೆ ಬಂದ ಹೊಸ ಮತದಾರರನ್ನು ಬೇರೆ ಬೇರೆ ಪಕ್ಷಗಳು ಹಂಚಿಕೊಂಡವು. ಎದಾ ಯಾರನ್ನು ಕರೆಯಬೇಕೆಂದಿದ್ದರೋ ಆ ಜನ ಆಗಲೇ ಬೇರೆ ಬಾಗಿಲು ಸೇರಿದ್ದರು. 1970ರಲ್ಲಿ ನರಿತಾ ಅವರೆದುರು ಅಧ್ಯಕ್ಷಪದವಿಗೆ ನಿಂತು ಅವರು ಮತ್ತೊಮ್ಮೆ ಸೋತರು.

ಅಲ್ಲಿಂದ ಮುಂದೆ ಎದಾ ಒಂದೇ ಮಾತನ್ನು ಹಿಡಿದರು. ಒಂದು ಪಕ್ಷದಿಂದ ಆಗದ ಕೆಲಸವನ್ನು ಕೊಮೇಯ್ ಪಕ್ಷ, ಪ್ರಜಾಸತ್ತಾತ್ಮಕ ಸಮಾಜವಾದಿ ಪಕ್ಷ ಇವರೊಡನೆ ಕೂಡಿ ಮಾಡೋಣ ಎಂದರು. 1976ರಲ್ಲಿ ಆ ಪಕ್ಷಗಳ ಕೆಲವು ಮುಖಂಡರೊಡನೆ ಹೊಸ ಜಪಾನನ್ನು ಕುರಿತು ಚಿಂತಿಸುವ ಒಂದು ಕೂಟವನ್ನೂ ಕಟ್ಟಿದರು. ಅದು ಲಾಕ್‌ಹೀಡ್ ವಿಮಾನ ಕಂಪೆನಿಯ ಲಂಚದ ಹಗರಣ ಜಪಾನನ್ನು ಕಲಕಿದ ವರುಷ. ಡಿಸೆಂಬರಿನ ಚುನಾವಣೆಯಲ್ಲಿ ಆಳುವ ಪಕ್ಷ ಮೊದಲ ಬಾರಿಗೆ ಸ್ವಂತ ಬಲದ ಬಹುಮತ ಕಳೆದುಕೊಂಡಿತು. ಎಷ್ಟೋ ವರುಷಗಳಿಂದ ಎದಾ ಕಾದಿದ್ದ ಗಳಿಗೆ ಅದು. ವಿಧಿಯ ಆಟ ನೋಡಿ, ಅದೇ ಚುನಾವಣೆಯಲ್ಲಿ ಎದಾ ತಮ್ಮ ಸ್ವಂತ ಕ್ಷೇತ್ರದಲ್ಲಿ ಸೋತರು.

1977ರ ಫೆಬ್ರವರಿಯ ಮಹಾಧಿವೇಶನದಲ್ಲಿ ಸಾಕಿಸಾಕಾ ಪಂಥದ ಪ್ರತಿನಿಧಿಗಳು ಎದಾ ಅವರನ್ನು ಕಟುವಾಗಿ ಖಂಡಿಸಿದರು. ಮೂವತ್ತು ವರುಷ ಪಕ್ಷವನ್ನು ಕಟ್ಟಿದ ಮುದುಕರು ಕುಳಿತು ಅದನ್ನೆಲ್ಲ ಕೇಳಬೇಕಾಯಿತು. ಮಾರ್ಚ್ 26ರಂದು ಅವರು ಪಕ್ಷವನ್ನು ಬಿಟ್ಟರು. ಆಗ ಅವರಿಗೆ ಅರವತ್ತೊಂಬತ್ತು ವಯಸ್ಸು, ಕೈಯಲ್ಲಿ ಸ್ಥಾನವಿಲ್ಲ, ಹಿಂದೆ ಬಣವಿಲ್ಲ. ಆದರೂ ಸುಮ್ಮನೆ ಮನೆ ಸೇರಲಿಲ್ಲ. ನಾಗರಿಕ ಚಳವಳಿಯಿಂದ ಬಂದ ಕೆಲವು ತರುಣರನ್ನು ಕೂಡಿಸಿಕೊಂಡು ಸಮಾಜವಾದಿ ನಾಗರಿಕ ಒಕ್ಕೂಟವೆಂಬ ಪುಟ್ಟ ಸಂಸ್ಥೆಯನ್ನು ಆರಂಭಿಸಿ, ಬೇಸಿಗೆಯ ಮೇಲ್ಮನೆ ಚುನಾವಣೆಗೆ ನಿಲ್ಲುವೆನೆಂದರು. ಆ ತರುಣರಲ್ಲಿ ಒಬ್ಬರ ಹೆಸರು ಕಾನ್ ನಾವೊತೋ.

ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹಿಡಿದಿತ್ತು. 1977ರ ಮೇ 22ರಂದು ಎದಾ ತೀರಿಕೊಂಡರು. ಅಂದು ಅವರ ಮಗ ಸತ್ಸುಕಿ ಅವರ ಮೂವತ್ತಾರನೆಯ ಹುಟ್ಟುಹಬ್ಬ. ಮಗ ನ್ಯಾಯಾಧೀಶರಾಗಿದ್ದರು. ತಂದೆಯ ಹೆಸರು ಬರೆಯಬೇಕಾಗಿದ್ದ ಕಡೆ ತಮ್ಮ ಹೆಸರು ಬರೆಸಿ, ನ್ಯಾಯಾಧೀಶರ ಪದವಿಗೆ ರಾಜೀನಾಮೆ ಕೊಟ್ಟು, ಜುಲೈ ತಿಂಗಳ ಚುನಾವಣೆಗೆ ನಿಂತರು. ದೇಶವನ್ನೆಲ್ಲ ಒಂದೇ ಕ್ಷೇತ್ರವಾಗಿ ಎಣಿಸುವ ಆ ಮತದಾನದಲ್ಲಿ ಅವರಿಗೆ ಹದಿಮೂರು ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಪಕ್ಷದ ಅಧಿವೇಶನದಲ್ಲಿ ಇಪ್ಪತ್ತೊಂದು ಮತಗಳಿಂದ ಸೋತವರಿಗೆ ಸತ್ತಮೇಲೆ ಜನ ಕೊಟ್ಟ ಉತ್ತರವಿದು ಎಂದುಕೊಳ್ಳಬಹುದು.

ಉಳಿದ ಕಥೆ ಚಿಕ್ಕದು. 1978ರಲ್ಲಿ ಆ ಒಕ್ಕೂಟ ಸಾಮಾಜಿಕ ಪ್ರಜಾಸತ್ತಾತ್ಮಕ ಒಕ್ಕೂಟವಾಗಿ ಬೆಳೆಯಿತು. ಸಮಾಜವಾದಿ ಪಕ್ಷ ತನ್ನ ಹಳೆಯ ಸಿದ್ಧಾಂತವನ್ನು ಬದಿಗಿಟ್ಟು, ಪಶ್ಚಿಮ ಯೂರೋಪಿನ ಮಾದರಿಯ ಸಮಾಜವಾದಕ್ಕೆ ಬಂದದ್ದು 1986ರಲ್ಲಿ. ಅಂದರೆ ನಿಕ್ಕೋದ ಸಭೆ ನಡೆದ ಇಪ್ಪತ್ತನಾಲ್ಕು ವರುಷಗಳ ಮೇಲೆ. 1994ರಲ್ಲಿ ಅದರ ಮುಖಂಡ ಮುರಯಾಮಾ ತೊಮಿಯಿಚಿ ಪ್ರಧಾನಿಯಾದರು, ಆದರೆ ಹಳೆಯ ಎದುರಾಳಿಗಳಾದ ಲಿಬರಲ್ ಡೆಮೊಕ್ರಾಟರ ಹೆಗಲ ಮೇಲೆ ಕೈಯಿಟ್ಟು. 1996ರಲ್ಲಿ ಪಕ್ಷ ಹೆಸರು ಬದಲಿಸಿಕೊಂಡಿತು, ಬಹುಬೇಗ ಸಣ್ಣದಾಗಿಹೋಯಿತು. ಇತ್ತ ಸತ್ಸುಕಿ 2007ರಲ್ಲಿ ಮೇಲ್ಮನೆಯ ಅಧ್ಯಕ್ಷರಾದರು. ಎದಾ ಅವರ ಕೊನೆಯ ಗಳಿಗೆಯಲ್ಲಿ ಬಂದು ಸೇರಿದ ಆ ತರುಣ ಕಾನ್ 2010ರಲ್ಲಿ ಜಪಾನಿನ ಪ್ರಧಾನಿಯಾದರು.

ಎದಾ ಅವರ ಬಾಳನ್ನು ಸೋಲಿನ ಪಟ್ಟಿಯೆಂದು ಓದುವವರುಂಟು. ನನಗೆ ಹಾಗೆ ತೋರುವುದಿಲ್ಲ. ಗೇಣಿದಾರನ ಪರವಾಗಿ ಸೆರೆ ಸೇರಿದವರೂ ಅವರೇ, ತಂಗಳಪೆಟ್ಟಿಗೆ ಬಯಸುವ ಗೃಹಿಣಿಯ ಪರವಾಗಿ ಮಾತನಾಡಿದವರೂ ಅವರೇ. ಇವೆರಡೂ ಒಂದೇ ಕೆಲಸವೆಂದು ಅವರಿಗೆ ತಿಳಿದಿತ್ತು. ಜನರ ಬಾಳು ಬದಲಾದಾಗ ಜನರ ಪಕ್ಷದ ಮಾತೂ ಬದಲಾಗಬೇಕು, ಗುರಿ ಬದಲಾಗಬೇಕಿಲ್ಲ. ಅವರ ಎದುರಾಳಿಗಳು ಗುರಿಯನ್ನು ಕಾಯುತ್ತೇವೆಂದು ಮಾತನ್ನೇ ಕಾದುಕೊಂಡು ಕುಳಿತರು. ಯುದ್ಧ ಮತ್ತೆ ಬಾರದಂತೆ ಬಾಗಿಲು ಕಾದದ್ದಕ್ಕೆ ಆ ಪಕ್ಷಕ್ಕೆ ಜಪಾನು ಋಣಿಯಾಗಿರಬೇಕು, ನಿಜ. ಆದರೆ ಬಾಗಿಲ ಹೊರಗೆ ನಿಂತು ಕರೆಯುತ್ತಿದ್ದ ಜನರ ದನಿಯನ್ನು ಒಳಗಿದ್ದವರಲ್ಲಿ ಕೇಳಿಸಿಕೊಂಡವರು ಬಹಳ ಕಡಮೆ, ಅವರಲ್ಲಿ ಈ ನರೆಗೂದಲಿನ ಮೆತ್ತನೆಯ ಮಾತಿನ ಮನುಷ್ಯರು ಮುಖ್ಯರು. ಮಾರು ಗೆದ್ದು ಮನೆ ಸೋತವರ ಈ ಕಥೆಯನ್ನು ಕೇಳಿದ ಮೇಲೆ, ಸೋತದ್ದು ಅವರೋ ಅವರ ಮನೆಯೋ ಎಂಬುದನ್ನು ನೀವೇ ಯೋಚಿಸಿ ನೋಡಿ.